ಎಫ್‌ಎಂಜಿಇಗೆ ಯಾವ ಸಬ್ಜೆಕ್ಟ್ ಮೊದಲು? ಅಂಕ ಮತ್ತು ಗಂಟೆಗಳ ಲೆಕ್ಕ

ರಷ್ಯಾ, ಕಿರ್ಗಿಸ್ತಾನ್, ಜಾರ್ಜಿಯಾ, ಫಿಲಿಪೀನ್ಸ್, ಚೀನಾ ಹೀಗೆ ಎಲ್ಲಿಯೇ ಮೆಡಿಕಲ್ ಓದಿ ಬಂದರೂ ಇಲ್ಲಿ ಇಂಟರ್ನ್‌ಶಿಪ್‌ಗೆ ಸೇರುವ ಮೊದಲು ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ಓದಿದ ವೈದ್ಯಕೀಯ ಪದವೀಧರರ ಅರ್ಹತಾ ಪರೀಕ್ಷೆ ದಾಟಲೇಬೇಕು. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಬಾಗಿಲು ತೆರೆಯುವುದು ಆಮೇಲೆ. ಪರೀಕ್ಷೆಯ ಸ್ವರೂಪ ಸರಳ. ಒಟ್ಟು 300 ಪ್ರಶ್ನೆ, ಒಂದೇ ದಿನ ಎರಡು ಭಾಗ, ತಲಾ 150 ಪ್ರಶ್ನೆಗೆ 150 ನಿಮಿಷ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. 150 ಬಂದರೆ ಪಾಸು, 149 ಬಂದರೆ ಇಲ್ಲ.

ಇಲ್ಲಿ ರ‍್ಯಾಂಕ್ ಎನ್ನುವುದೇ ಇಲ್ಲ. 151 ತೆಗೆದವರಿಗೂ 240 ತೆಗೆದವರಿಗೂ ಸಿಗುವುದು ಒಂದೇ ಪಾಸ್ ಸರ್ಟಿಫಿಕೇಟ್. ಹೀಗಿದ್ದೂ ಎಷ್ಟೋ ಜನ ರ‍್ಯಾಂಕ್ ಮೇಲೆ ಪಿಜಿ ಸೀಟು ಸಿಗುವ ನೀಟ್ ಪಿಜಿಗೆ ಓದುವಂತೆ ಓದುತ್ತಾರೆ. ಅನಾಟಮಿಯ ಮೊದಲ ಪುಟದಿಂದ ಹಿಡಿದು, ಬ್ರೇಕಿಯಲ್ ಪ್ಲೆಕ್ಸಸ್‌ನ ಚಿತ್ರ ನಾಲ್ಕು ಬಣ್ಣದಲ್ಲಿ ಬರೆದು, ಮೂರು ತಿಂಗಳು ಕಳೆಯುವಷ್ಟರಲ್ಲಿ ಬಯೋಕೆಮಿಸ್ಟ್ರಿಯ ನಡುವಿಗೆ ಬಂದು ನಿಂತಿರುತ್ತಾರೆ. ಪಿಎಸ್‌ಎಂ (ಸಮುದಾಯ ಆರೋಗ್ಯ), ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ), ಸರ್ಜರಿ ಕೊನೆಯ ಮೂರು ವಾರಕ್ಕೆ ಉಳಿಯುತ್ತವೆ. ಫೇಲಾಗಲು ಇದಕ್ಕಿಂತ ನೇರ ದಾರಿ ಇನ್ನೊಂದಿಲ್ಲ.

ಮೊದಲು ಅಂಕಗಳ ಹಂಚಿಕೆ ನೋಡಿ. ಪರೀಕ್ಷೆ ನಡೆಸುವ ಎನ್‌ಬಿಇಎಂಎಸ್ ತನ್ನ ಮಾಹಿತಿ ಪುಸ್ತಿಕೆಯಲ್ಲೇ ಇದನ್ನು ಕೊಡುತ್ತದೆ, ಗುಟ್ಟೇನಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13. ಫೊರೆನ್ಸಿಕ್ ಮೆಡಿಸಿನ್ 10. ಅಲ್ಲಿಗೆ ನೂರು. ಉಳಿದ ಇನ್ನೂರು ಕ್ಲಿನಿಕಲ್: ಜನರಲ್ ಮೆಡಿಸಿನ್ 33, ಜನರಲ್ ಸರ್ಜರಿ 32, ಒಬಿಜಿ 30, ಪಿಎಸ್‌ಎಂ 30, ಪೀಡಿಯಾಟ್ರಿಕ್ಸ್, ಆಫ್ತಲ್ಮಾಲಜಿ, ಇಎನ್‌ಟಿ ತಲಾ 15, ಸೈಕಿಯಾಟ್ರಿ, ಡರ್ಮಟಾಲಜಿ, ರೇಡಿಯೋಥೆರಪಿ, ಅನಸ್ತೀಸಿಯಾ, ಆರ್ಥೋಪೆಡಿಕ್ಸ್, ರೇಡಿಯಾಲಜಿ ತಲಾ 5. ನಿಮ್ಮ ಸಲದ ಪುಸ್ತಿಕೆ ಬಂದಾಗ ಈ ಪುಟವನ್ನು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಈ ಪಟ್ಟಿಯಲ್ಲಿ ಒಂದು ವಿಚಿತ್ರವಿದೆ. ಕಣ್ಣು (ಆಫ್ತಲ್ಮಾಲಜಿ) ಮತ್ತು ಇಎನ್‌ಟಿ ಸೇರಿದರೆ 30, ಅಂದರೆ ಇಡೀ ಒಬಿಜಿಯಷ್ಟು. ಓದಬೇಕಾದ ಸರಕು ಮಾತ್ರ ಒಬಿಜಿಗಿಂತ ಬಹಳ ಕಡಿಮೆ. ಇನ್ನು ಪಿಎಸ್‌ಎಂ ಒಂದೇ 30. ಹೊರಗೆ ಓದಿದವರಿಗೆ ಭಾರತದ ಆರೋಗ್ಯ ಕಾರ್ಯಕ್ರಮಗಳನ್ನು ಯಾರೂ ಪಾಠ ಮಾಡಿರುವುದಿಲ್ಲ, ಹಾಗಾಗಿ ಅಲ್ಲಿ ಆರಂಭದ ಅಂಕ ತೀರಾ ಕೆಳಗಿರುತ್ತದೆ. ಕೆಳಗಿರುವುದರಿಂದಲೇ ಏರಲು ಜಾಗವೂ ಹೆಚ್ಚು.

ಇನ್ನು ಗೆಸ್ ಲೆಕ್ಕ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೂ ನಾಲ್ಕರಲ್ಲಿ ಒಂದು ಸರಿಯಾಗುವ ಸಂಭವವಿದೆ. ಹಾಗಾಗಿ ಯಾವುದಾದರೂ ಸಬ್ಜೆಕ್ಟ್‌ನಲ್ಲಿ ನಿಮಗೆ ಶೇ 25 ಬರುತ್ತಿದ್ದರೆ ನಿಮ್ಮ ತಿಳಿವು ಸೊನ್ನೆ ಎಂದೇ ಅರ್ಥ. 100 ಪ್ರಶ್ನೆ ಖಚಿತವಾಗಿ ಗೊತ್ತಿದ್ದು ಉಳಿದ 200ಕ್ಕೆ ಸುಮ್ಮನೆ ಒತ್ತಿದರೆ ಸರಾಸರಿ 50 ಸೇರಿ ಒಟ್ಟು 150 ಆಗುತ್ತದೆ. ಇದನ್ನು ನೆಚ್ಚಿಕೊಳ್ಳಬೇಡಿ. ಆ 50 ಎಂಬುದು 44 ಆಗಬಹುದು, 56 ಆಗಬಹುದು; ಹೀಗೆ ಕೂತವರಲ್ಲಿ ಸುಮಾರು ಅರ್ಧ ಜನ ಗೆರೆಯ ಕೆಳಗೆ ಬೀಳುತ್ತಾರೆ. ಖಚಿತ 130 ಇದ್ದರೆ ಉಳಿದ 170ರಲ್ಲಿ ಸರಾಸರಿ 42 ಸಿಕ್ಕಿ 172ರ ಹತ್ತಿರ ನಿಲ್ಲುತ್ತೀರಿ. ಅದೃಷ್ಟ ಕೈಕೊಟ್ಟರೂ 160 ದಾಟಬಹುದು. ಆದ್ದರಿಂದ ಮನೆಯಲ್ಲಿ ಮಾಕ್ ಟೆಸ್ಟ್ ಬರೆಯುವಾಗ ಗುರಿ 175ರಿಂದ 180 ಇರಲಿ.

ಇದಕ್ಕಿಂತ ಮುಖ್ಯವಾದ ಲಾಭ ಅರೆತಿಳಿವಿನದು. ಎರಡು ಆಯ್ಕೆಗಳನ್ನು ಹೊಡೆದುಹಾಕಲು ಬಂದರೆ ಸಂಭವ ಅರ್ಧಕ್ಕೆ ಏರುತ್ತದೆ. 60 ಪ್ರಶ್ನೆಗಳಲ್ಲಿ ಹಾಗೆ ಮಾಡಲು ಸಾಧ್ಯವಾದರೆ 15ರ ಬದಲು 30 ಅಂಕ. ಹಾಗಾಗಿ ಎಫ್‌ಎಂಜಿಇಯಲ್ಲಿ ಐದು ಸಬ್ಜೆಕ್ಟ್ ಆಳವಾಗಿ ಓದಿದವರಿಗಿಂತ ಎಲ್ಲವನ್ನೂ ಮೇಲುಮೇಲೆ ಎರಡು ಸುತ್ತು ಓದಿದವರಿಗೆ ಅನುಕೂಲ ಜಾಸ್ತಿ. ಆಳ ಬೇಕಿಲ್ಲ ಎಂದಲ್ಲ, ಎಲ್ಲಿ ಬೇಕು ಎನ್ನುವುದು ಪ್ರಶ್ನೆ.

ಈಗ ಗಂಟೆಗಳು. ಐದು ತಿಂಗಳು ಕೈಯಲ್ಲಿದೆ, ದಿನಕ್ಕೆ ನಿಜವಾಗಿ ಆರು ಗಂಟೆ ಓದುತ್ತೀರಿ ಎಂದಿಟ್ಟುಕೊಳ್ಳಿ. ನಿಜವಾಗಿ ಎಂದರೆ ಫೋನ್ ಬೇರೆ ಕೋಣೆಯಲ್ಲಿಟ್ಟ ಆರು ಗಂಟೆ. 150 ದಿನಕ್ಕೆ 900 ಗಂಟೆ. ಜ್ವರ, ಮದುವೆ ಮನೆ, ದಾಖಲೆ ಪತ್ರಗಳಿಗೆ ಓಡಾಟ ಎಂದು ಶೇ 10 ಕಳೆಯಿರಿ, 90 ಹೋಯಿತು. ಎಂಟು ಪೂರ್ಣ ಮಾಕ್ ಟೆಸ್ಟ್; ಬರೆಯಲು ಐದು ಗಂಟೆ, ತಪ್ಪುಗಳನ್ನು ಕೂತು ನೋಡಲು ಏಳು ಗಂಟೆ, ಒಟ್ಟು 96. ಉಳಿದದ್ದು 714. ಅದರಲ್ಲಿ 250 ಗಂಟೆ ರಿವಿಷನ್‌ಗೆ ಮೊದಲೇ ಎತ್ತಿಟ್ಟುಬಿಡಿ. ಮೊದಲ ಓದಿಗೆ ಸಿಗುವುದು 464 ಗಂಟೆ, ಒಟ್ಟು ಸಮಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಕೋರ್ಸ್ ಖರೀದಿಸುವ ಮೊದಲು ಅದರ ವಿಡಿಯೋಗಳ ಒಟ್ಟು ಗಂಟೆ ಎಷ್ಟೆಂದು ಕೂಡಿ ನೋಡಿ. ಅದು 464 ದಾಟುತ್ತಿದ್ದರೆ ಎಲ್ಲವನ್ನೂ ನೋಡುವ ಯೋಚನೆಯನ್ನು ಅಲ್ಲೇ ಬಿಡಿ. ಶೇ 60ರ ಮೇಲೆ ಬರುತ್ತಿರುವ ಸಬ್ಜೆಕ್ಟ್‌ಗೆ ವಿಡಿಯೋ ಬೇಡ, ನೋಟ್ಸ್ ಮತ್ತು ಎಂಸಿಕ್ಯೂ ಸಾಕು.

714 ಗಂಟೆಯನ್ನು 300 ಅಂಕಕ್ಕೆ ಭಾಗಿಸಿದರೆ ಅಂಕವೊಂದಕ್ಕೆ ರಿವಿಷನ್ ಸೇರಿ ಸುಮಾರು 2.4 ಗಂಟೆ. ಪಿಎಸ್‌ಎಂಗೆ 70, ಕಣ್ಣಿಗೆ 35, ಫಿಸಿಯಾಲಜಿಗೆ 40, ಮೆಡಿಸಿನ್‌ಗೆ 80, ಐದು ಅಂಕದ ಸಬ್ಜೆಕ್ಟ್ ಒಂದೊಂದಕ್ಕೆ 12. ಇದು ಬರೀ ಆರಂಭದ ಹಂಚಿಕೆ, ಇದನ್ನು ನಿಮ್ಮ ಸ್ಥಿತಿಗೆ ತಕ್ಕಂತೆ ತಿದ್ದಬೇಕು. ತಿದ್ದಲು ಓದು ಶುರು ಮಾಡುವ ಮೊದಲೇ ಒಂದು ಪೂರ್ಣ 300 ಪ್ರಶ್ನೆಯ ಟೆಸ್ಟ್ ಬರೆಯಿರಿ. ಏನೂ ಓದಿಲ್ಲ, ಈಗ ಬರೆದರೆ ಮರ್ಯಾದೆ ಹೋಗುತ್ತದೆ ಎಂದು ಮುಂದೂಡಬೇಡಿ, ಅಂಕಪಟ್ಟಿ ಯಾರಿಗೂ ತೋರಿಸಬೇಕಿಲ್ಲ. ಬರೆಯುವಾಗ ಪ್ರತಿ ಉತ್ತರದ ಪಕ್ಕ ಹಾಳೆಯಲ್ಲಿ ಒಂದು ಗುರುತು ಹಾಕಿ: ಖಚಿತವಿದ್ದರೆ ‘ಖ’, ಎರಡರಲ್ಲಿ ಒಂದು ಎಂದಾದರೆ ‘ಎ’, ಸುಮ್ಮನೆ ಒತ್ತಿದ್ದರೆ ‘ಸು’. ಅಂಕಗಳಿಗಿಂತ ಈ ಮೂರು ಗುರುತುಗಳೇ ಹೆಚ್ಚು ಹೇಳುತ್ತವೆ. ‘ಖ’ ಹಾಕಿಯೂ ತಪ್ಪಾದವು ಅತ್ಯಂತ ಅಪಾಯಕಾರಿ, ಏಕೆಂದರೆ ಆ ಪುಟವನ್ನು ನೀವು ಮತ್ತೆ ತೆರೆಯುವುದೇ ಇಲ್ಲ.

ಇನ್ನು ಗಂಟೆಗೆ ಎಷ್ಟು ಅಂಕ ಹುಟ್ಟುತ್ತದೆ ಎಂದು ನೋಡುವುದು. ಉದಾಹರಣೆಗೆ ಕಣ್ಣಿನಲ್ಲಿ ಈಗ ಶೇ 30, 35 ಗಂಟೆ ಹಾಕಿದರೆ ಶೇ 65ಕ್ಕೆ ಏರಬಹುದು ಎಂದು ನಿಮ್ಮ ಅಂದಾಜು. 15 ಅಂಕದಲ್ಲಿ ಶೇ 35 ಎಂದರೆ 5.25 ಅಂಕ; ಹತ್ತು ಗಂಟೆಗೆ 1.5. ಪಿಎಸ್‌ಎಂ ಶೇ 35ರಿಂದ 70ಕ್ಕೆ ಹೋದರೆ 10.5 ಅಂಕ, 70 ಗಂಟೆ. ಅದೂ ಹತ್ತು ಗಂಟೆಗೆ 1.5. ಫಿಸಿಯಾಲಜಿ ಈಗಾಗಲೇ ಶೇ 45 ಇದ್ದು 40 ಗಂಟೆಯಲ್ಲಿ 60 ಆದರೆ ಸಿಗುವುದು 2.55 ಅಂಕ, ಹತ್ತು ಗಂಟೆಗೆ 0.6 ಮಾತ್ರ. ಅಂದಾಜು ಸ್ವಲ್ಪ ಹಿಂದೆ ಮುಂದೆ ಆದರೂ ಕ್ರಮಾಂಕ ಬದಲಾಗುವುದಿಲ್ಲ, ನಮಗೆ ಬೇಕಾದದ್ದು ಕ್ರಮಾಂಕವೇ.

ಈ ಸೂತ್ರಕ್ಕೆ ಒಂದು ದೋಷವಿದೆ. ಒಂದು ಸಬ್ಜೆಕ್ಟ್‌ನ ಓದು ಇನ್ನೊಂದರಲ್ಲಿ ಎಷ್ಟು ಅಂಕ ತರುತ್ತದೆ ಎಂಬುದು ಇದರೊಳಗೆ ಬರುವುದಿಲ್ಲ. ಪೆಥಾಲಜಿಗೆ ಕಾಗದದ ಮೇಲೆ 13 ಅಂಕ. ಆದರೆ ಅನೀಮಿಯ, ಲ್ಯುಕೇಮಿಯ, ಗ್ಲಾಮರುಲೊನೆಫ್ರೈಟಿಸ್ ಅಲ್ಲಿ ಗಟ್ಟಿಯಾದರೆ ಮೆಡಿಸಿನ್‌ನ ಅಷ್ಟೂ ಅಧ್ಯಾಯಗಳು ಅರ್ಧ ಮುಗಿದಂತೆ. ಫಾರ್ಮಕಾಲಜಿಯೂ ಹಾಗೆಯೇ. ಅದಕ್ಕೇ ನನ್ನ ಕ್ರಮದಲ್ಲಿ ಪೆಥಾಲಜಿ, ಫಾರ್ಮಾ ಮೊದಲ ತಿಂಗಳಲ್ಲೇ ಬರುತ್ತವೆ, ಮೆಡಿಸಿನ್ ಜೊತೆ ಜೋಡಿಯಾಗಿ. ಮೈಕ್ರೋಬಯಾಲಜಿಯನ್ನು ಪಿಎಸ್‌ಎಂನ ಸಾಂಕ್ರಾಮಿಕ ರೋಗಗಳ ಜೊತೆಗೆ ಹಿಡಿಯಿರಿ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಫ್ಲೇವಿವೈರಸ್, ಹರಡುವ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾ. ವೈರಸ್ಸಿನ ಕುಲ ಕೇಳಿದರೆ ಮೈಕ್ರೋ, ಉಣುಗಿನ ಹೆಸರು ಕೇಳಿದರೆ ಪಿಎಸ್‌ಎಂ. ಮಲೆನಾಡಿನವರು ಇದನ್ನಂತೂ ಬಿಟ್ಟುಕೊಡಬಾರದು.

ಹೀಗೆ ಹಲವು ಸಬ್ಜೆಕ್ಟ್‌ಗೆ ಕೈಚಾಚಿದ ಟಾಪಿಕ್‌ಗಳ ಪಟ್ಟಿಯೊಂದನ್ನು ಬೇರೆಯೇ ಇಟ್ಟುಕೊಳ್ಳಿ. ಅವೇ ಮೊದಲ ಆದ್ಯತೆ. ಆರ್ಗನೋಫಾಸ್ಫೇಟ್ ವಿಷ ಇದಕ್ಕೆ ಒಳ್ಳೆಯ ಮಾದರಿ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದ ರೋಗಿ. ಬಾಯಲ್ಲಿ ನೊರೆ, ಸೂಜಿಮೊನೆಯಂಥ ಪಾಪೆ, ಬೆವರು, ನಿಧಾನ ನಾಡಿ. ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವ ಕಟ್ಟಿಹೋಗಿದೆ ಎಂಬಲ್ಲಿಗೆ ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಬಂತು. ಅಟ್ರೋಪಿನ್ ನೊರೆ, ಬೆವರು, ನಿಧಾನ ನಾಡಿಯಂಥ ಮಸ್ಕರಿನಿಕ್ ಲಕ್ಷಣಗಳನ್ನು ತಡೆಯುತ್ತದೆಯೇ ಹೊರತು ಸ್ನಾಯುಗಳ ನಿತ್ರಾಣವನ್ನಲ್ಲ. ಅದಕ್ಕೆ ಪ್ರಾಲಿಡಾಕ್ಸಿಮ್, ಅದೂ ಕಿಣ್ವ ‘ಏಜಿಂಗ್’ ಆಗುವ, ಅಂದರೆ ವಿಷ ಬಿಡಿಸಲಾಗದಂತೆ ಅದಕ್ಕೆ ಅಂಟುವ ಮೊದಲು. ಇದು ಫಾರ್ಮಾ. ಅಟ್ರೋಪಿನ್ ಎಲ್ಲಿಯವರೆಗೆ ಏರಿಸಬೇಕು ಎಂಬುದು ಮೆಡಿಸಿನ್, ಜನ ಎಡವುವುದೂ ಇಲ್ಲೇ. ಪಾಪೆ ಹಿಗ್ಗುವ ತನಕ ಎಂದು ಉತ್ತರಿಸುತ್ತಾರೆ. ನೋಡಬೇಕಾದದ್ದು ಎದೆಯ ಕಫದ ಸದ್ದು ನಿಂತಿತೇ, ನಾಡಿ 80 ದಾಟಿತೇ, ಬಿಪಿ ಸ್ಥಿರವಾಯಿತೇ ಎಂದು. ಒಂದೆರಡು ದಿನ ಬಿಟ್ಟು ಕತ್ತಿನ ಸ್ನಾಯು ಸೋತು ಉಸಿರು ಕಟ್ಟಿದರೆ ಇಂಟರ್ಮೀಡಿಯಟ್ ಸಿಂಡ್ರೋಮ್. ವಾಸನೆ, ಮಾದರಿ ಸಂಗ್ರಹ, ಪೊಲೀಸರಿಗೆ ತಿಳಿಸುವುದು ಫೊರೆನ್ಸಿಕ್. ಎರಡು ಗಂಟೆಯ ಓದು, ಐದು ಸಬ್ಜೆಕ್ಟ್‌ಗೆ ಸಲ್ಲುತ್ತದೆ.

ವಿಟಮಿನ್ ಎ ಇನ್ನೊಂದು. ಬಿಟಾಟ್ ಸ್ಪಾಟ್ (ಕಣ್ಣಿನ ಬಿಳಿಭಾಗದ ನೊರೆಯಂಥ ಕಲೆ) ಫೋಟೋ ಕಣ್ಣಿನ ಪ್ರಶ್ನೆ, ರೆಟಿನಾಲ್ ಬಯೋಕೆಮಿಸ್ಟ್ರಿ. 9ನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷದಂತೆ ಐದು ವರ್ಷದವರೆಗೆ ಒಟ್ಟು 9 ಡೋಸ್, 17 ಲಕ್ಷ ಯೂನಿಟ್ ಎನ್ನುವುದು ಪಿಎಸ್‌ಎಂ ಮತ್ತು ಪೀಡಿಯಾಟ್ರಿಕ್ಸ್.

ಪಿಎಸ್‌ಎಂ ಎಂದ ಕೂಡಲೇ ಇಡೀ ದಪ್ಪ ಪುಸ್ತಕ ಹಿಡಿಯಬೇಡಿ. ಮೊದಲು ಲಸಿಕೆ ವೇಳಾಪಟ್ಟಿ: ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ, 6, 10, 14ನೇ ವಾರ ಪೆಂಟಾ, ಪೋಲಿಯೊ ಹನಿ, ರೋಟಾ, ಪೋಲಿಯೊ ಇಂಜೆಕ್ಷನ್ 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳು. ಈ ಮೂರನೇ ಡೋಸ್ ಹಳೆಯ ನೋಟ್ಸ್‌ಗಳಲ್ಲಿ ಇರುವುದಿಲ್ಲ, ನೋಡಿಕೊಳ್ಳಿ. ಆಮೇಲೆ ಬಯೋಸ್ಟ್ಯಾಟಿಸ್ಟಿಕ್ಸ್ ಮತ್ತು ಸ್ಕ್ರೀನಿಂಗ್: ಎರಡು ಸಾಲು ಎರಡು ಕಾಲಮ್ಮಿನ ಚೌಕ ಬರೆದು ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಪ್ರಿಡಿಕ್ಟಿವ್ ವ್ಯಾಲ್ಯೂ ತೆಗೆಯುವುದು. ಒಂದು ದಿನ ಮನಸ್ಸಿಟ್ಟು ಕಲಿತರೆ ಜನ್ಮಕ್ಕೆ ಮರೆಯುವುದಿಲ್ಲ. ಪ್ರಿವಲೆನ್ಸ್ (ಜನರಲ್ಲಿ ಕಾಯಿಲೆ ಇರುವ ಪ್ರಮಾಣ) ಏರಿದಾಗ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಏರುತ್ತದೆ, ಸೆನ್ಸಿಟಿವಿಟಿ ಕದಲುವುದಿಲ್ಲ. ಇಷ್ಟನ್ನು ಹತ್ತು ಬಗೆಯಲ್ಲಿ ತಿರುಗಿಸಿ ಕೇಳುತ್ತಾರೆ. ಅದಾದ ಮೇಲೆ ಟಿಬಿ ಕಾರ್ಯಕ್ರಮ, ಸಬ್‌ಸೆಂಟರ್‌ಗೆ 5,000, ಪಿಎಚ್‌ಸಿಗೆ 30,000, ಸಿಎಚ್‌ಸಿಗೆ 1,20,000 ಎಂಬ ಬಯಲುನಾಡಿನ ಜನಸಂಖ್ಯೆ, ಗುಡ್ಡಗಾಡಿಗೆ 3,000, 20,000, 80,000. ಸೋಶಿಯಾಲಜಿ, ಹಳೆಯ ಆರೋಗ್ಯ ಸಮಿತಿಗಳ ಇತಿಹಾಸ ಕೊನೆಗೆ ನೋಡಿದರಾಯಿತು.

ಒಬಿಜಿಯಲ್ಲಿ ಹೆರಿಗೆಯ ಹಂತಗಳು, ಹೆರಿಗೆಯ ನಂತರದ ರಕ್ತಸ್ರಾವ, ಎಕ್ಲಾಂಪ್ಸಿಯ, ಎಕ್ಟೋಪಿಕ್, ಗರ್ಭನಿರೋಧಕಗಳು ಮೊದಲು. ಎಕ್ಲಾಂಪ್ಸಿಯಕ್ಕೆ ಕೊಡುವ ಪ್ರಿಚರ್ಡ್ ರೆಜಿಮನ್‌ನ ಅಂಕಿಗಳು ನಾಲಿಗೆ ತುದಿಯಲ್ಲಿರಲಿ: ಮ್ಯಾಗ್ನೀಸಿಯಂ ಸಲ್ಫೇಟ್ 4 ಗ್ರಾಂ ರಕ್ತನಾಳಕ್ಕೆ, ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ ಬದಲಿ ಪೃಷ್ಠಕ್ಕೆ. ವಿಷವೇರಿದರೆ ಮೊದಲು ಮಾಯವಾಗುವುದು ಮಂಡಿಯ ಜರ್ಕ್, ಪ್ರತಿವಿಷ ಕ್ಯಾಲ್ಸಿಯಂ ಗ್ಲುಕೊನೇಟ್ 1 ಗ್ರಾಂ. ಗರ್ಭಪಾತದ ಎಂಟಿಪಿ ಕಾಯ್ದೆಗೆ 2021ರ ತಿದ್ದುಪಡಿ ಓದಿ: 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 20ರಿಂದ 24ರವರೆಗೆ ನಿಗದಿತ ವರ್ಗದವರಿಗೆ ಇಬ್ಬರದು.

ಹಳೆಯ ನೋಟ್ಸ್ ಕೈಕೊಡುವ ಇನ್ನೊಂದು ಜಾಗ ಫೊರೆನ್ಸಿಕ್. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ. ನಿರ್ಲಕ್ಷ್ಯದ ಸಾವು 304ಎ ಇದ್ದದ್ದು ಈಗ 106, ವರದಕ್ಷಿಣೆ ಸಾವು 304ಬಿ ಇದ್ದದ್ದು 80, ಪೊಲೀಸ್ ಇನ್‌ಕ್ವೆಸ್ಟ್ 174 ಇದ್ದದ್ದು 194. ಸೀನಿಯರ್ ಕೊಟ್ಟ ಪಿಡಿಎಫ್‌ನಲ್ಲಿ ಹಳೆಯ ಸಂಖ್ಯೆಗಳಿದ್ದರೆ ಪಕ್ಕದಲ್ಲಿ ಹೊಸದನ್ನು ಕೈಯಲ್ಲಿ ಬರೆದುಕೊಳ್ಳಿ, ಎರಡನ್ನೂ ನೆನಪಿಡಿ. ಹತ್ತು ಅಂಕದ ಸಬ್ಜೆಕ್ಟ್, ಗಾಯಗಳು, ಸಾವಿನ ನಂತರದ ಬದಲಾವಣೆ, ನೇಣು ಮತ್ತು ಉಸಿರುಕಟ್ಟುವಿಕೆ, ವಿಷಗಳು ಸೇರಿದರೆ ಬಹುಪಾಲು ಮುಗಿಯಿತು.

ಕಣ್ಣು, ಇಎನ್‌ಟಿ ಓದುವಾಗ ಚಿತ್ರಗಳನ್ನು ಬಿಟ್ಟು ಓದಿದರೆ ಶ್ರಮ ದಂಡ. ಕೆಂಪು ಕಣ್ಣಿನ ಫೋಟೋ ಬಂದರೆ ಮೊದಲು ಪಾಪೆ ನೋಡುವ ಅಭ್ಯಾಸ ಮಾಡಿಕೊಳ್ಳಿ: ಅರ್ಧ ಹಿಗ್ಗಿ ನಿಂತಿದ್ದರೆ ಆಕ್ಯೂಟ್ ಗ್ಲಾಕೋಮ, ಕುಗ್ಗಿ ಅಂಕುಡೊಂಕಾಗಿದ್ದರೆ ಐರೈಟಿಸ್, ಸರಿಯಿದ್ದರೆ ಕಂಜಂಕ್ಟಿವೈಟಿಸ್. ಭತ್ತದ ಗರಿ ತಾಗಿದ ರೈತ ಎಂದು ಪ್ರಶ್ನೆಯಲ್ಲಿದ್ದರೆ ಫಂಗಲ್ ಅಲ್ಸರ್ ಕಡೆ ಯೋಚಿಸಿ. ಇಎನ್‌ಟಿಯಲ್ಲಿ ರಿನ್ನೆ, ವೆಬರ್ ಎಂಬ ಶ್ರವಣ ಪರೀಕ್ಷೆಗಳು ಮತ್ತು ಆಡಿಯೋಗ್ರಾಮ್ ಓದಲು ಬಂದರೆ ಕಿವಿಯ ಅರ್ಧ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಆಡಿಯೋಗ್ರಾಮ್‌ನಲ್ಲಿ ಹಳ್ಳ 2,000 ಹರ್ಟ್ಸ್‌ನಲ್ಲಿದ್ದರೆ ಓಟೋಸ್ಕ್ಲಿರೋಸಿಸ್.

ಐದು ಅಂಕದವುಗಳಲ್ಲಿ ಅನಸ್ತೀಸಿಯಾ ಮತ್ತು ರೇಡಿಯೋಥೆರಪಿ ಬಗ್ಗೆ ಜನ ಎರಡು ತುದಿಗೆ ಹೋಗುತ್ತಾರೆ, ಒಂದೋ ಪೂರ್ತಿ ಬಿಡುತ್ತಾರೆ, ಇಲ್ಲ ವಾರ ಕಳೆಯುತ್ತಾರೆ. ಒಂದೊಂದಕ್ಕೆ ಒಂದೂವರೆ ದಿನ ಸಾಕು. ಆಕ್ಸಿಜನ್ ಸಿಲಿಂಡರ್‌ಗೆ ಕಪ್ಪು ಮೈ, ಬಿಳಿ ಭುಜ, ಪಿನ್ ಇಂಡೆಕ್ಸ್ 2, 5. ನೈಟ್ರಸ್ ಆಕ್ಸೈಡ್ ನೀಲಿ, 3, 5. ಮಲ್ಲಂಪಾಟಿ ಗ್ರೇಡ್‌ಗಳು, ಸಕ್ಸಿನೈಲ್‌ಕೋಲಿನ್ ಎಲ್ಲಿ ಕೊಡಬಾರದು. ರೇಡಿಯೋಥೆರಪಿಯಲ್ಲಿ ಅರ್ಧಾಯುಷ್ಯ: ಟೆಕ್ನೀಶಿಯಂ 99ಎಂ 6 ಗಂಟೆ, ಅಯೋಡಿನ್ 131 8 ದಿನ, ಕೋಬಾಲ್ಟ್ 60 ಸುಮಾರು 5.3 ವರ್ಷ. ಜೊತೆಗೆ ರೇಡಿಯೇಷನ್‌ಗೆ ಬೇಗ ಕರಗುವ ಗಡ್ಡೆಗಳ ಪಟ್ಟಿ.

ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಒಟ್ಟು 51 ಅಂಕ, ಬಿಡುವ ಮಾತಿಲ್ಲ. ಆದರೆ ಪೂರ್ತಿ ಓದುವ ಮಾತೂ ಇಲ್ಲ. ಅನಾಟಮಿಯಲ್ಲಿ ನರಗಳಿಗೆ ಪೆಟ್ಟಾದರೆ ಏನಾಗುತ್ತದೆ, ಕ್ರೇನಿಯಲ್ ನರಗಳು, ಫ್ಯಾರಿಂಜಿಯಲ್ ಆರ್ಚ್, ಇಂಗ್ವಿನಲ್ ಕೆನಾಲ್. ಸ್ನಾಯುಗಳ ಒರಿಜಿನ್ ಇನ್ಸರ್ಷನ್ ಬೇಡ. ಬಯೋಕೆಮಿಸ್ಟ್ರಿಯಲ್ಲಿ ವಿಟಮಿನ್‌ಗಳು, ಸ್ಟೋರೇಜ್ ಡಿಸಾರ್ಡರ್‌ಗಳು, ರೇಟ್ ಲಿಮಿಟಿಂಗ್ ಎನ್‌ಜೈಮ್‌ಗಳು. ಫಿಸಿಯಾಲಜಿಯಲ್ಲಿ ಹೃದಯದ ಚಕ್ರ, ಮೂತ್ರಪಿಂಡದ ನಳಿಕೆ, ಆಕ್ಸಿಜನ್ ಕರ್ವ್.

ಕ್ರಮದ ವಿಷಯದಲ್ಲಿ ಇನ್ನೊಂದು ನಿಯಮ: ಅರ್ಥ ಮಾಡಿಕೊಂಡರೆ ಉಳಿಯುವುದನ್ನು ಮೊದಲು ಓದಿ, ಕಂಠಪಾಠವಾದ್ದರಿಂದ ಹಾರಿಹೋಗುವುದನ್ನು ಕೊನೆಗೆ ಮತ್ತೊಮ್ಮೆ ಓದಿ. ಆಸಿಡ್ ಬೇಸ್, ಇಸಿಜಿ, ಬಯೋಸ್ಟ್ಯಾಟ್ ಮೊದಲ ತಿಂಗಳಿಗೆ. ಕಾನೂನಿನ ಸೆಕ್ಷನ್‌ಗಳು, ಜನಸಂಖ್ಯೆಯ ಅಂಕಿಗಳು, ಎನ್‌ಜೈಮ್‌ಗಳ ಹೆಸರು, ಅರ್ಧಾಯುಷ್ಯಗಳು ಕೊನೆಯ ಹತ್ತು ದಿನಕ್ಕೆ ಒಂದೇ ನೋಟ್‌ಬುಕ್‌ನಲ್ಲಿ, ನಲವತ್ತು ಪುಟ ಮೀರದಂತೆ. ಆ ಹತ್ತು ದಿನಗಳಲ್ಲಿ ಟೆಲಿಗ್ರಾಂ ಗುಂಪುಗಳಿಗೆ ಬರುವ ‘ಖಂಡಿತ ಬರುವ 500 ಪ್ರಶ್ನೆ’ ಪಿಡಿಎಫ್‌ಗಳನ್ನು ತೆರೆಯಬೇಡಿ. ಅವುಗಳಲ್ಲಿ ಉತ್ತರಗಳೇ ತಪ್ಪಿರುವುದುಂಟು, ಸರಿಯಿದ್ದರೂ ಹೊಸದನ್ನು ತುಂಬುವ ಹೊತ್ತಲ್ಲ ಅದು. ಎಫ್‌ಎಂಜಿಇ ಬದಲಿಗೆ ನೆಕ್ಸ್ಟ್ ಪರೀಕ್ಷೆ ಬರುತ್ತದಂತೆ ಎಂಬ ಸುದ್ದಿಯನ್ನೂ ಆ ಗುಂಪುಗಳಲ್ಲೇ ಬಿಟ್ಟುಬಿಡಿ.

ಪ್ರತಿ ಮಾಕ್ ಆದಮೇಲೆ ಗಂಟೆಗಳ ಹಂಚಿಕೆಯನ್ನು ಮತ್ತೆ ಬರೆಯಬೇಕು. ಕಣ್ಣಿನಲ್ಲಿ ಶೇ 70 ದಾಟಿದರೆ ಅಲ್ಲಿನ ಉಳಿದ ಗಂಟೆಗಳನ್ನು ಸರ್ಜರಿಗೆ ವರ್ಗಾಯಿಸಿ. ಅಲ್ಲಿಂದ ಮುಂದೆ ಒಂದೊಂದು ಅಂಕಕ್ಕೂ ದುಬಾರಿ ಬೆಲೆ ತೆರಬೇಕಾಗುತ್ತದೆ. ಎರಡು ಮಾಕ್‌ಗಳಲ್ಲಿ ಸತತವಾಗಿ ಕದಲದ ಸಬ್ಜೆಕ್ಟ್ ಇದ್ದರೆ ಇನ್ನಷ್ಟು ಓದಬೇಡಿ, ಓದುವ ರೀತಿ ಬದಲಿಸಿ. ಸಾಮಾನ್ಯವಾಗಿ ಅಲ್ಲಿ ಓದು ಜಾಸ್ತಿಯಾಗಿ ಎಂಸಿಕ್ಯೂ ಕಡಿಮೆಯಾಗಿರುತ್ತದೆ.

ಮಾಕ್‌ಗಳನ್ನು ಪರೀಕ್ಷೆಯ ನಿಯಮದಲ್ಲೇ ಬರೆಯಿರಿ. ಎನ್‌ಬಿಇಎಂಎಸ್ 2024ರಿಂದ ತನ್ನ ಪರೀಕ್ಷೆಗಳಲ್ಲಿ ಪ್ರಶ್ನೆಗಳನ್ನು ಕಾಲಮಿತಿಯ ಸೆಕ್ಷನ್‌ಗಳಾಗಿ ಒಡೆದಿದೆ. ಒಂದು ಸೆಕ್ಷನ್‌ನ ಸಮಯ ಮುಗಿದರೆ ಅದಕ್ಕೆ ಮರಳುವಂತಿಲ್ಲ. ಮೊದಲಿನ ಹಾಗೆ ಕಷ್ಟದವನ್ನೆಲ್ಲ ಮಾರ್ಕ್ ಮಾಡಿಟ್ಟು ಕೊನೆಯ ಅರ್ಧ ಗಂಟೆಯಲ್ಲಿ ನೋಡುತ್ತೇನೆ ಎಂದರೆ ಆ ಪ್ರಶ್ನೆಗಳು ಖಾಲಿಯೇ ಉಳಿಯುತ್ತವೆ. ಪ್ರಶ್ನೆಗೆ ಸರಾಸರಿ ಒಂದೇ ನಿಮಿಷ. 40 ಸೆಕೆಂಡಿನಲ್ಲಿ ದಾರಿ ಕಾಣದಿದ್ದರೆ ಆಗ ತೋಚಿದ ಆಯ್ಕೆಯನ್ನು ಒತ್ತಿ, ರಿವ್ಯೂ ಗುರುತು ಹಾಕಿ ಮುಂದೆ ಹೋಗಿ. ಸೆಕ್ಷನ್ ಮುಗಿಯಲು ಎರಡು ನಿಮಿಷ ಇರುವಾಗ ಪ್ರಶ್ನೆಗಳ ಸಂಖ್ಯಾಫಲಕ ತೆರೆದು ಯಾವುದೂ ಖಾಲಿ ಇಲ್ಲವೆಂದು ನೋಡಿ.